ಪಂಚಮಿಗೆ ಎಲ್ಲಿಗೆ ಹೋಗ್ತೀರಿ

ಮೊನ್ನೆ ಬ್ಯಾಡಗಿಯಲ್ಲಿ ಒಂದು ಮನೆಗೆ ಬೆಲೆ ಕಟ್ಟಲು ಹೋಗಿದ್ದೆ. ಬ್ಯಾಂಕಿನವರು ಕೊಟ್ಟ ಫೈಲಿನಲ್ಲಿ ಎಲ್ಲವೂ ಇತ್ತು. ಖರೀದಿ ಪತ್ರ, ಮನೆ ಯಾರ ಹೆಸರಿಗಿದೆ ಎಂದು ತೋರಿಸುವ ಉತಾರ, ಮೂವತ್ತು ವರ್ಷದ ಋಣಭಾರ ಪತ್ರ, ಮನೆಪಟ್ಟಿ ತುಂಬಿದ ರಸೀದಿ, ಜೊತೆಗೆ ಹೊಸ ವಕೀಲರೊಬ್ಬರ ಅಭಿಪ್ರಾಯ. ಹುಡುಗ ಜಾಣ. ಎಲ್ಲವನ್ನೂ ಕಂಪ್ಯೂಟರಿನಲ್ಲೇ ತೆಗೆದು, ಮಧ್ಯಾಹ್ನದ ಊಟಕ್ಕೆ ಏಳುವ ಮೊದಲೇ ಮುಗಿಸಿರಬೇಕು. ಅದರಲ್ಲಿ ಕುಂದು ಹುಡುಕಲು ನನಗಾಗಲಿಲ್ಲ. ಪಡಸಾಲೆ ಅಳೆದೆ, ಅಡುಗೆಮನೆ ಅಳೆದೆ, ಮಾಳಿಗೆ ಹತ್ತಿ ಬಿರುಕು ನೋಡಿ ಬಂದೆ. ಟೇಪು ಸುತ್ತಿ ಚೀಲಕ್ಕೆ ಹಾಕಿದ ಮೇಲೂ ಹೊರಡಲು ಕಾಲು ಬರಲಿಲ್ಲ. ಈ ಮನೆಯಲ್ಲಿ ಕೇಳಬೇಕಾದ ಒಂದು ಮಾತು ಉಳಿದಿದೆ ಅನಿಸುತ್ತಿತ್ತು. ಅದನ್ನು ಕೇಳುತ್ತಿದ್ದವರು ಈಗ ಇಲ್ಲ.

ಅವರು ಹೋಗಿ ಆಷಾಢಕ್ಕೆ ವರ್ಷ ತುಂಬಿತು. ಹಾವೇರಿ, ರಾಣೇಬೆನ್ನೂರು, ಬ್ಯಾಡಗಿ ಮೂರೂ ಊರಿನ ಬ್ಯಾಂಕಿನವರು ಅವರನ್ನು 'ಸರ್ಚ್ ವಕೀಲರು' ಅನ್ನುತ್ತಿದ್ದರು. ಕೋರ್ಟಿನಲ್ಲಿ ಅವರು ವಾದ ಮಾಡಿದ್ದನ್ನು ನೋಡಿದವರಿಲ್ಲ. ಯಾರಾದರೂ ಮನೆ ಕೊಳ್ಳುವ ಮುಂಚೆ ಅದು ಖರೇ ಯಾರದು, ಅದರ ಮೇಲೆ ಸಾಲವಿದೆಯೋ, ಹಕ್ಕುದಾರರು ಯಾರಾದರೂ ಬಿಟ್ಟುಹೋಗಿದ್ದಾರೋ ಎಂದು ಸರಕಾರಿ ದಾಖಲೆಗಳಲ್ಲಿ ಹುಡುಕಿ ಬರೆದುಕೊಡುವುದು ಅವರ ಕಸುಬು. ಆ ಮನೆ ಎಷ್ಟು ಬೆಲೆ ಬಾಳುತ್ತದೆ ಎಂದು ಹೇಳುವುದು ನನ್ನದು. ನಾನು ಸಿವಿಲ್ ಇಂಜಿನಿಯರು, ರಾಣೇಬೆನ್ನೂರಿನಲ್ಲಿ ನನ್ನ ಆಫೀಸು. ಒಂದೇ ಫೈಲು ಇಬ್ಬರಿಗೂ ಬರುತ್ತಿದ್ದುದರಿಂದ ಎಷ್ಟೋ ವರ್ಷ ಒಂದೇ ಬಸ್ಸಿನಲ್ಲಿ ಓಡಾಡಿದೆವು. ಅಷ್ಟು ಓಡಾಡಿದರೂ ನಮ್ಮಿಬ್ಬರಿಗೆ ಒಮ್ಮತವಾದದ್ದು ಕಡಿಮೆ. ನನಗೆ ಲಗೂ ಮುಗಿಯಬೇಕು, ಅವರಿಗೆ ಮುಗಿಯುವುದೇ ಬೇಡ.

ಮೊದಲು ಅವರನ್ನು ಕಂಡದ್ದು ಹಾವೇರಿಯ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ. ಕರಿ ಕೋಟನ್ನು ಮೈಮೇಲೆ ಹಾಕದೆ ತೋಳಿನ ಮೇಲೆ ಹಾಕಿಕೊಂಡಿದ್ದ ಒಬ್ಬರು ಒಂದು ಹಳೇ ಖರೀದಿ ಪತ್ರ ಹಿಡಿದು ನಿಂತಿದ್ದರು. ಅದರ ಚಕ್ಕಬಂದಿಯನ್ನು, ಅಂದರೆ ಮನೆಯ ನಾಲ್ಕೂ ದಿಕ್ಕಿಗೆ ಏನೇನಿದೆ ಎಂಬ ಸಾಲುಗಳನ್ನು, ಓದುತ್ತ ಓದುತ್ತ ತಿರುಗುತ್ತಿದ್ದರು. ಪೂರ್ವಕ್ಕೆ ಸರಕಾರಿ ರಸ್ತೆ ಎಂದು ಪೂರ್ವಕ್ಕೆ ಮುಖ ಮಾಡಿದರು. ದಕ್ಷಿಣಕ್ಕೆ ಇಂಥವರ ಮನೆ ಎಂದು ಆ ಕಡೆ ಹೊರಳಿದರು. ನಾಲ್ಕೂ ದಿಕ್ಕು ಮುಗಿಸಿ ಎಲ್ಲಿ ಶುರು ಮಾಡಿದ್ದರೋ ಅಲ್ಲಿಗೆ ಬಂದು ನಿಂತರು. ಟೈಪು ಮಾಡುತ್ತಿದ್ದವರು ತುಟಿ ಕಚ್ಚಿಕೊಂಡು ನಗುತ್ತಿದ್ದರು. ನನಗೂ ನಗು ಬಂತು. ಅವರು ನನ್ನ ಕಡೆ ನೋಡಿ, ಹಿಂಗ ಓದಿದರೆ ಆ ಮನೆಯೊಳಗೆ ನಿಂತಂತೆ ಆಗುತ್ತದೆ ಎಂದರು. ಸಿಟ್ಟಾಗಲಿಲ್ಲ, ಮುಂದಿನ ಪತ್ರ ತೆಗೆದು ಮತ್ತೆ ಪೂರ್ವಕ್ಕೆ ತಿರುಗಿದರು.

ಎತ್ತರ ಆಳು, ತುಸು ಬಾಗಿದ ಬೆನ್ನು. ಯಾವ ಮನೆಗೆ ಹೋದರೂ ನೀರು ಕೇಳಿ ಕುಡಿಯುತ್ತಿದ್ದರು, ಚಹಾ ಮಾತ್ರ ಮುಟ್ಟುತ್ತಿರಲಿಲ್ಲ. ವರದಿಗೆ ಸಹಿ ಬಿದ್ದ ಮೇಲೆ ಚಹಾ ಎನ್ನುವುದು ಅವರ ಕಟ್ಟಳೆ. ಇದರಿಂದ ನನಗೂ ಚಹಾ ತಪ್ಪುತ್ತಿತ್ತು. ಹಿರಿಯರು ಬೇಡ ಅಂದ ಮೇಲೆ ನಾನೊಬ್ಬಳು ಹೆಂಗೆ ಕುಡಿಯಲಿ? ಬಿಸಿಲಲ್ಲಿ ಬಸ್‌ಸ್ಟ್ಯಾಂಡಿಗೆ ನಡೆಯುವಾಗ ಇದರ ಬಗ್ಗೆ ನಾನು ಗೊಣಗುತ್ತಿದ್ದೆ, ಅವರು ಕೇಳಿಸಿಕೊಳ್ಳುತ್ತಿದ್ದರು, ಅಷ್ಟೇ.

ನನ್ನ ಕೆಲಸವನ್ನು ಅವರು ಬಹಳ ಕಾಡುತ್ತಿದ್ದರು. ಒಂದು ಮನೆಗೆ ನಾನು ಮೂರು ಬೆಲೆ ಬರೆಯಬೇಕು. ಸರಕಾರ ಗೊತ್ತು ಮಾಡಿದ ಮಾರ್ಗಸೂಚಿ ಬೆಲೆ, ಬಜಾರಿನಲ್ಲಿ ಬರುವ ಬೆಲೆ, ಸಾಲ ಮುಳುಗಿ ಬ್ಯಾಂಕಿನವರು ಅವಸರದಲ್ಲಿ ಮಾರಿದರೆ ಗಿಟ್ಟುವ ಬೆಲೆ. ಮಾರ್ಗಸೂಚಿ ಬೆಲೆ ಆನ್‌ಲೈನ್‌ನಲ್ಲಿ ಸಿಗುತ್ತದೆ. ಬಜಾರಿನದಕ್ಕೆ ಅದೇ ಓಣಿಯಲ್ಲಿ ಈಚೆಗೆ ನೋಂದಣಿಯಾದ ಪತ್ರಗಳನ್ನು ನೋಡಬೇಕು, ಜೊತೆಗೆ ಅಂಗಡಿಯವರನ್ನು ಮಾತಿಗೆಳೆಯಬೇಕು, ಯಾಕೆಂದರೆ ಪತ್ರದಲ್ಲಿ ಬರೆಸಿದ ಬೆಲೆ ಬೇರೆ, ಕೈ ಬದಲಾದದ್ದು ಬೇರೆ. ಇದನ್ನೆಲ್ಲ ನಾನು ಗಂಭೀರವಾಗಿ ಬರೆಯುತ್ತಿದ್ದರೆ ಅವರು ಪಕ್ಕದಲ್ಲಿ ಕೂತು, ಮೂರರಾಗ ಖರೇದು ಯಾವುದು ಎಂದು ಕೇಳುತ್ತಿದ್ದರು. ಮೂರೂ ಖರೇ ಎಂದರೆ, ಹಾಗಾದರೆ ಈ ಮನೆಗೆ ಮೂರು ಮಂದಿ ಮಾಲೀಕರು ಇರಬೇಕು, ತಡೀರಿ ಹುಡುಕುತ್ತೇನೆ ಎನ್ನುತ್ತಿದ್ದರು. ನಗುವಾಗಲೂ ಅವರ ಮುಖದಲ್ಲಿ ಪೂರ್ತಿ ನಗು ಇರುತ್ತಿರಲಿಲ್ಲ.

ಇನ್ನು ಆ ಪ್ರಶ್ನೆ.

ನಮ್ಮ ಕಡೆ ತಂದೆ ತೀರಿದ ಮೇಲೆ ಮನೆ ಗಂಡುಮಕ್ಕಳ ಹೆಸರಿಗೆ ಆಗುವಾಗ ಹೆಣ್ಣುಮಕ್ಕಳಿಂದ ಹಕ್ಕು ಬಿಡುಗಡೆ ಪತ್ರ ಬರೆಸಿಕೊಳ್ಳುವುದು ವಾಡಿಕೆ. ನನಗೆ ಪಾಲು ಬೇಡ ಎಂದು ಅಕ್ಕತಂಗಿಯರು ಸಹಿ ಮಾಡಿ ಒಂದು ಸೀರೆ ಉಟ್ಟುಕೊಂಡು ಹೋಗುತ್ತಾರೆ. ನೋಂದಣಿಯಾದರೆ ಕಾಯ್ದೆ ಪ್ರಕಾರ ಅಲ್ಲಿಗೆ ಮುಗಿಯಿತು. ಸರ್ಚ್ ವಕೀಲರಿಗೆ ಮುಗಿಯುತ್ತಿರಲಿಲ್ಲ. ಫೈಲಿನಲ್ಲಿ ಹಕ್ಕು ಬಿಡುಗಡೆ ಪತ್ರ ಕಂಡರೆ ಅದರಲ್ಲಿದ್ದ ಹೆಣ್ಣುಮಗಳ ಊರು ಹುಡುಕಿಕೊಂಡು ಹೋಗುವರು. ಕುಪ್ಪೇಲೂರಿರಲಿ, ಗುತ್ತಲವಿರಲಿ, ಬಸ್ಸು ಹತ್ತುವರು. ಆಕೆಯ ಮನೆಯಲ್ಲಿ ನೀರು ಕುಡಿದು, ಆಸ್ತಿಯ ಸುದ್ದಿಯನ್ನೇ ಎತ್ತದೆ ಒಂದೇ ಮಾತು ಕೇಳುವರು: "ಪಂಚಮಿಗೆ ಎಲ್ಲಿಗೆ ಹೋಗ್ತೀರಿ?"

ನಾಗರ ಪಂಚಮಿ ನಮ್ಮ ಕಡೆ ಹೆಣ್ಣುಮಕ್ಕಳ ಹಬ್ಬ. ತವರಿಗೆ ಹೋಗಿ, ಉಂಡಿ ಕಟ್ಟಿ, ನಾಗಪ್ಪಗೆ ಹಾಲೆರೆದು, ಜೋಕಾಲಿ ಆಡುವ ಹಬ್ಬ. ಆದರೆ ತಾವಾಗಿ ಹೋಗುವಂತಿಲ್ಲ. ಅಣ್ಣನೋ ತಮ್ಮನೋ ಬಾಗಿಲಿಗೆ ಬಂದು ಕರೆದುಕೊಂಡು ಹೋಗಬೇಕು. ಕರೆಯದೆ ಹೋದರೆ ಬಿಟ್ಟಿ ಹೋದಂತೆ. ಮುದುಕಿಯಾದರೂ ಕರೆಯುವವರಿಗಾಗಿ ಕಾಯುತ್ತಾಳೆ. ನಾನು ಇಂಜಿನಿಯರಾದರೇನು, ಕುಪ್ಪೇಲೂರಿನಿಂದ ನನ್ನ ತಮ್ಮ ಬೈಕು ತೊಗೊಂಡು ಬರುವ ತನಕ ನಾನೂ ಹೊರಡುವವಳಲ್ಲ. ಬೇಕಾದರೆ ಫೋನು ಮಾಡಿ ಬೈಯುತ್ತೇನೆ, ಆದರೆ ಹೊರಡುವುದಿಲ್ಲ.

ನನ್ನನ್ನೂ ಅವರು ಒಮ್ಮೆ ಅದನ್ನೇ ಕೇಳಿದ್ದರು. ಕುಪ್ಪೇಲೂರಿಗೆ ರಿ, ತಮ್ಮ ಬರ್ತಾನ ಎಂದೆ. ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ಬಸ್ಸಿನ ಟಿಕೇಟು ಅವರೇ ತೆಗೆಸಿದರು.

ಆ ಪ್ರಶ್ನೆಗೆ ಹೆಣ್ಣುಮಗಳು ತವರಿಗೆ ಎಂದು ಸಹಜವಾಗಿ ಹೇಳಿದರೆ ಅಲ್ಲೇ ಚೀಲದಿಂದ ಪೆನ್ನು ತೆಗೆಯುತ್ತಿದ್ದರು. ಮನಸ್ಸಿನಿಂದ ಬಿಟ್ಟುಕೊಟ್ಟಿದ್ದಾಳೆ, ತವರಿನವರೂ ಆಕೆಯನ್ನು ಬಿಟ್ಟಿಲ್ಲ ಎಂದು ಅವರ ಲೆಕ್ಕ. ಆಕೆ ಮಾತು ತಿರುಗಿಸಿದರೆ, ಇಲ್ಲಾ ಸುಮ್ಮನೆ ಒಳಗೆ ಎದ್ದುಹೋದರೆ, ವರದಿಯ ಕೊನೆಗೆ ಒಂದು ಸಾಲು ಸೇರಿಸುತ್ತಿದ್ದರು: ದಾಖಲೆಗಳಲ್ಲಿ ದೋಷವಿಲ್ಲ, ಆದರೂ ಕೊಳ್ಳುವವರು ಈ ಹೆಣ್ಣುಮಗಳನ್ನು ಒಮ್ಮೆ ಕಂಡು ಮಾತಾಡುವುದು ಒಳ್ಳೆಯದು. ಬ್ಯಾಂಕಿನ ಮ್ಯಾನೇಜರರು ತಲೆ ಚಚ್ಚಿಕೊಳ್ಳುತ್ತಿದ್ದರು. ಒಬ್ಬರಂತೂ ನನ್ನ ಎದುರಿಗೇ, ನಮ್ಮ ಫಾರ್ಮಿನಲ್ಲಿ ಪಂಚಮಿಗೆ ಕಾಲಮ್ಮು ಇಲ್ಲ ಸ್ವಾಮಿ ಎಂದು ಕೈ ಮುಗಿದರು. ಇವರೂ ತಿರುಗಿ ಕೈ ಮುಗಿದು ಬಂದರು, ಸಾಲು ಮಾತ್ರ ತೆಗೆಯಲಿಲ್ಲ.

ನಮ್ಮಿಬ್ಬರಿಗೆ ಜೋರು ಜಗಳವಾದದ್ದು ಐರಣಿಗೆ ಹೋದಾಗ. ಬ್ಯಾಡಗಿಯ ಮನೆ, ಮಾರ್ಚ್ ತಿಂಗಳು, ಬ್ಯಾಂಕಿನವರ ಫೋನಿನ ಮೇಲೆ ಫೋನು. ಎಲ್ಲ ಕಾಗದ ಚೊಕ್ಕ. ಇವರು ಮಾತ್ರ ಆ ಮನೆಯ ಹೆಣ್ಣುಮಗಳು ಐರಣಿಯಲ್ಲಿದ್ದಾಳೆ, ನೋಡಿಕೊಂಡು ಬರೋಣ ಎಂದರು. ಹೊಳೆ ದಂಡೆಯ ಊರು ನೋಡಿದಂತಾಯಿತು ಎಂದು ನಾನೂ ಹೋದೆ. ಆ ಹೆಣ್ಣುಮಗಳು ನೀರು ಕೊಟ್ಟಳು. ಪ್ರಶ್ನೆ ಕೇಳಿದ ಮೇಲೆ ಸೆರಗಿನಿಂದ ತಂಬಿಗೆ ಒರೆಸುತ್ತ ನಿಂತಳು. ಹೂಂ ಇಲ್ಲ, ಹಾಂ ಇಲ್ಲ. ನಾವು ಎದ್ದು ಬಂದೆವು. ವಾಪಸು ಬಸ್ಸು ಎಷ್ಟು ಹೊತ್ತಾದರೂ ಬರಲಿಲ್ಲ. ನನ್ನ ಇಡೀ ದಿನ ಹಾಳಾಗಿತ್ತು. ಸಹಿ ಮಾಡಿಯಾಗಿದೆ, ನೋಂದಣಿಯಾಗಿದೆ, ಆಕೆ ಪಂಚಮಿಗೆ ಎಲ್ಲಿಗಾದರೂ ಹೋಗಲಿ, ಮನೆಯಲ್ಲೇ ಕೂಡಲಿ, ನಮಗೇನು ಎಂದು ಬಾಯಿಗೆ ಬಂದದ್ದು ಆಡಿಬಿಟ್ಟೆ.

ಅವರು ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ತಮ್ಮ ಮನೆಯ ಕಥೆ ಹೇಳಿದ್ದು ಆಗಲೇ.

ತಂದೆ ತೀರಿದ ಮೇಲೆ ಹಾವೇರಿಯ ಮನೆಯನ್ನು ರಿಪೇರಿ ಮಾಡಿಸಲು ಅವರಿಗೆ ಬ್ಯಾಂಕ್ ಸಾಲ ಬೇಕಾಗಿತ್ತು. ಮನೆ ಒಬ್ಬರ ಹೆಸರಿಗೆ ಆಗಬೇಕು. ಒಬ್ಬಳೇ ತಂಗಿ, ಗುತ್ತಲಕ್ಕೆ ಕೊಟ್ಟಿತ್ತು. ಹಕ್ಕು ಬಿಡುಗಡೆ ಪತ್ರವನ್ನು ಇವರೇ ಬರೆದರು. ಹೊಸ ವಕೀಲಿ, ಒಂದು ಅಕ್ಷರ ಆಚೀಚೆ ಇಲ್ಲದ ಹಾಗೆ ಬರೆದಿದ್ದರಂತೆ. ತಂಗಿಯನ್ನು ಹಾವೇರಿಗೆ ಬರಹೇಳಿದರು. ಬಸ್‌ಸ್ಟ್ಯಾಂಡಿನಿಂದ ನೆಟ್ಟಗೆ ಆಫೀಸಿಗೆ ಕರೆದುಕೊಂಡು ಹೋದರು, ಸಹಿ ಆಯಿತು, ಕ್ಯಾಂಟೀನಿನಲ್ಲಿ ಚಹಾ ಕುಡಿಸಿದರು, ಕೈಯಲ್ಲಿ ಒಂದು ಸೀರೆ ಕೊಟ್ಟು ಗುತ್ತಲದ ಬಸ್ಸಿಗೆ ಹತ್ತಿಸಿದರು.

"ಮನೀ ತನಕಾನೂ ಕರಕೊಂಡು ಹೋಗ್ಲಿಲ್ಲ ಬಾಯಾರ," ಅಂದರು. "ಯಾವ ಮನಿ ಬಿಟ್ಟುಕೊಟ್ಲೋ ಆ ಮನಿ ಹೊಸ್ತಿಲಾ ಸೈತ ತುಳಸ್ಲಿಲ್ಲ. ಆಕಿ ಏನೂ ಕೇಳ್ಲಿಲ್ಲ. ಪೆನ್ನ ಹಿಡಿಯಾಕ ಬರ್ತಿತ್ತು, ಸಹಿ ಚಂದ ಮಾಡಿದ್ಲು."

ಅಂದಿನಿಂದ ಆಕೆ ಪಂಚಮಿಗೆ ಬಂದಿಲ್ಲ. ಇವರ ಮದುವೆಗೆ ಬಂದಳು, ಊಟ ಮಾಡಿ ಸಂಜೆ ಬಸ್ಸಿಗೆ ಹೊರಟಳು. ಇವರ ಹೆಂಡತಿ ತೀರಿದಾಗ ಬಂದಳು, ಮಣ್ಣು ಮುಗಿಸಿ ಹೊರಟಳು. ಒಂದು ರಾತ್ರಿ ಉಳಿಯಲಿಲ್ಲ. ತಂಗಿಗೆ ಸಿಟ್ಟು ಇದೆ, ಅದು ಹೋಗುವಂಥದಲ್ಲ ಎಂದರು. ಬಸ್ಸು ಬಂತು. ಐರಣಿಯ ಹೆಣ್ಣುಮಗಳ ಬಗ್ಗೆ ಅವರು ಆ ಸಾಲು ಸೇರಿಸಿಯೇ ವರದಿ ಕೊಟ್ಟರು. ಮುಂದೆ ಆ ಮನೆಯ ವಿಷಯದಲ್ಲಿ ಯಾವ ತಕರಾರೂ ಏಳಲಿಲ್ಲ ಎನ್ನುವುದನ್ನು ನಾನು ಆಗಾಗ ಅವರ ಮುಂದೆ ಎತ್ತಿ ಆಡುತ್ತಿದ್ದೆ. ಕೋರ್ಟಿಗೆ ಬರದಿದ್ದರೆ ಏನೂ ಆಗಿಲ್ಲ ಅಂತ ನಿಮಗ ಯಾರು ಹೇಳಿದ್ರು ಎನ್ನುತ್ತಿದ್ದರು.

ಆಮೇಲೆ ನನಗೆ ಇನ್ನೊಂದು ಗಮನಕ್ಕೆ ಬಂತು. ಅವರ ವಯಸ್ಸಿನ ಗಂಡಸರು ನಮ್ಮ ಕಡೆ ಕಂಡ ಕಂಡ ಹೆಣ್ಣುಮಕ್ಕಳಿಗೆಲ್ಲ 'ತಂಗಿ' ಎನ್ನುತ್ತಾರೆ. ಹೂ ಮಾರುವವಳಿಗೂ ತಂಗಿ, ಕಂಡಕ್ಟರ್ ಹುಡುಗಿಗೂ ತಂಗಿ. ಇವರು ನನಗೆ 'ಬಾಯಾರ' ಅನ್ನುವರು, ಉಳಿದವರಿಗೆ 'ಅವ್ವಾ' ಅನ್ನುವರು. ಆ ಒಂದು ಶಬ್ದದಿಂದ ಅವರು ಯಾರನ್ನೂ ಕರೆದದ್ದು ನಾನು ಕೇಳಿರಲೇ ಇಲ್ಲ.

ಹೋದ ವರ್ಷ ಯುಗಾದಿ ಕಳೆದ ಮೇಲೆ ಅವರಿಂದ ಫೋನು ಬಂತು. ಮೈ ಹುಷಾರಿಲ್ಲ ಎಂದು ಕೇಳಿದ್ದೆ, ಎದೆಯ ತೊಂದರೆ, ಡಾಕ್ಟರು ಓಡಾಟ ಬೇಡ ಎಂದಿದ್ದರು. ಹಾವೇರಿಯಲ್ಲಿ ಒಂದು ಮನೆಗೆ ಬೆಲೆ ಕಟ್ಟಬೇಕು, ಬರ್ರಿ ಎಂದರು. ಯಾವ ಬ್ಯಾಂಕಿನದು ಎಂದು ಕೇಳಿದೆ. ಬ್ಯಾಂಕಿನದಲ್ಲ, ನಂದ ಮನಿ ಎಂದರು.

ಹೋದರೆ ಪಡಸಾಲೆಯಲ್ಲಿ ಫೈಲು ಕಟ್ಟಿ ಇಟ್ಟುಕೊಂಡು ಕೂತಿದ್ದರು. ಬೇರೆಯವರ ಮನೆಗೆ ಹುಡುಕಿದ ಹಾಗೆಯೇ ತಮ್ಮ ಮನೆಗೂ ಹುಡುಕಿದ್ದರು. ತಂದೆಯ ಖರೀದಿ ಪತ್ರದ ನಕಲು, ಹಳೇ ಉತಾರ, ಹೊಸ ಉತಾರ, ಋಣಭಾರ ಪತ್ರ, ಎಲ್ಲದರ ಕೆಳಗೆ ತಂಗಿಯ ಸಹಿಯ ಆ ಪತ್ರ. ಅರ್ಧ ಮನೆಯನ್ನು ತಂಗಿಗೆ ಬಕ್ಷೀಸ್ ಪತ್ರ ಮಾಡಿಕೊಡುತ್ತೇನೆ, ಎಷ್ಟು ಬಾಳುವ ಮನೆಯಲ್ಲಿ ಅರ್ಧ ಎಂದು ಆಕೆಗೂ ಗೊತ್ತಾಗಬೇಕು, ನನ್ನ ಮಗನಿಗೂ ಗೊತ್ತಾಗಬೇಕು ಎಂದರು.

ಮಗನಿಗೆ ಹಾವೇರಿಯಲ್ಲೇ ಎಲೆಕ್ಟ್ರಿಕ್ ಸಾಮಾನಿನ ಅಂಗಡಿ. ನಾನು ಅಳೆಯುತ್ತಿದ್ದಾಗ ಊಟಕ್ಕೆ ಬಂದವನು ಟೇಪು ನೋಡಿ ನಿಂತ. ಅಳೀರಿ ಅಂತ ಯಾರು ಹೇಳಿದ್ರಿ ನಿಮಗ ಎಂದು ಕೇಳಿದ. ಅಪ್ಪನಿಗೆ ವಯಸ್ಸಾಯಿತು, ಔಷಧದ ಗುಂಗು, ಆ ಅತ್ತೆಯನ್ನು ನಾನು ಸರಿಯಾಗಿ ಮಾತಾಡಿಸಿಯೂ ಇಲ್ಲ, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಎಂದು ಬಾಗಿಲಲ್ಲಿ ನನ್ನ ಜೊತೆ ದಬಾಯಿಸಿದ. ನನಗೂ ಸಿಟ್ಟು ಬಂತು. ಅಂಗಡಿ ನಡೆಸುವವನಿಗೆ ಅರ್ಧ ಮನೆ ಹೋಗುತ್ತದೆ ಎಂದರೆ ಹೊಟ್ಟೆ ಉರಿಯದೆ ಇರುತ್ತದೆಯೇ ಎಂದೂ ಅನಿಸಿತು. ಉತ್ತರ ಕೊಡದೆ ಪಡಸಾಲೆಗೆ ಹೋಗಿ ಮೇಲೆ ನೋಡಿದೆ.

ತೊಲೆಯ ಮೇಲೆ ಎರಡು ಕಡೆ ಕಟ್ಟಿಗೆ ಸವೆದು ನುಣುಪಾಗಿತ್ತು. ತೊಲೆ ಗಟ್ಟಿಯಿದೆಯೋ ಇಲ್ಲವೋ ಬರೆಯಬೇಕಾದ್ದು ನನ್ನ ಕೆಲಸ, ಆದ್ದರಿಂದ ಇದೇನೆಂದು ಕೇಳಿದೆ. ಜೋಕಾಲಿ ಹಗ್ಗ ತಿಕ್ಕಿದ್ದು ಎಂದರು. ವರ್ಷವೂ ಪಂಚಮಿಯ ಮುನ್ನಾದಿನ ಕಟ್ಟುತ್ತಾರಂತೆ. ಯಾರು ಆಡುತ್ತಾರೆ ಎಂದೆ. ಯಾರೂ ಇಲ್ಲ, ಹಬ್ಬ ಮುಗಿದ ಮೇಲೆ ಬಿಚ್ಚಿಡುತ್ತೇನೆ ಎಂದರು. ಸವೆದ ಗುರುತು ತಂಗಿ ಸಣ್ಣವಳಿದ್ದಾಗಿನದು. ತೊಲೆ ಸುಸ್ಥಿತಿಯಲ್ಲಿದೆ ಎಂದು ಬರೆದುಕೊಂಡೆ. ಬೇರೆ ಏನು ಬರೆಯಲಿಕ್ಕಿತ್ತು?

ಮುಂದಿನ ವಾರ ಅವರ ಜೊತೆ ಗುತ್ತಲಕ್ಕೆ ಹೋದೆ. ಡಾಕ್ಟರು ಬೇಡ ಎಂದಿದ್ದರು, ಮಗ ಬರುವುದಿಲ್ಲ ಎಂದಿದ್ದ, ಒಬ್ಬರನ್ನೇ ಬಿಡಲು ನನಗೆ ಧೈರ್ಯವಾಗಲಿಲ್ಲ. ದಾರಿಯುದ್ದಕ್ಕೂ ಫೈಲನ್ನು ತೊಡೆಯ ಮೇಲೆ ಎರಡೂ ಕೈಯಿಂದ ಹಿಡಿದುಕೊಂಡು ಕೂತಿದ್ದರು. ಅಷ್ಟು ಮಂದಿ ಹೆಂಗಸರ ಮನೆ ಬಾಗಿಲಿಗೆ ನಿಂತು ಆ ಪ್ರಶ್ನೆ ಕೇಳಿದವರು, ಈ ಬಾಗಿಲಿಗೆ ಹೋಗಲು ಹೆದರಿದ್ದರು.

ಪೇಟೆಯ ಹಿಂದಿನ ಓಣಿಯಲ್ಲಿ ಮನೆ, ಮುಂದೆ ಕಟ್ಟೆ. ತಂಗಿ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಅಣ್ಣನದೇ ಮೂಗು, ಅಣ್ಣನದೇ ಎತ್ತರ, ತಲೆ ಪೂರ್ತಿ ಬೆಳ್ಳಗಾಗಿತ್ತು.

"ತಂಗೀ," ಅಂದರು ನಮ್ಮ ವಕೀಲರು.

ಅವರು ಮೊರ ಪಕ್ಕಕ್ಕಿಟ್ಟು ಎದ್ದರು. ಬಾ ಎಂದು ಒಳಗೆ ಕರೆದರು, ಕಾಲಿಗೆ ನೀರು ಕೊಟ್ಟರು, ಕುಡಿಯಲು ನೀರು ಕೊಟ್ಟರು. ವಕೀಲರು ಫೈಲು ಬಿಚ್ಚಿದರು. ಯಾವುದೋ ಕಕ್ಷಿದಾರಳಿಗೆ ಹೇಳುವ ಹಾಗೆ ಒಂದೊಂದೇ ಕಾಗದ ತೋರಿಸಿದರು. ಚಕ್ಕಬಂದಿ ಬಂದಾಗ ಎದ್ದು ನಿಂತು, ಪೂರ್ವಕ್ಕೆ ತಿರುಗಿ, ದಕ್ಷಿಣಕ್ಕೆ ತಿರುಗಿ, ಗುತ್ತಲದ ಆ ಪಡಸಾಲೆಯಲ್ಲಿ ಹಾವೇರಿಯ ಮನೆಯನ್ನು ಸುತ್ತು ಹಾಕಿದರು. ಈ ಸಲ ನನಗೆ ನಗು ಬರಲಿಲ್ಲ. ನಾನು ಬರೆದ ಬೆಲೆ ಓದಿ ಹೇಳಿ, ಇದರಲ್ಲಿ ಅರ್ಧ ನಿಂದು ಎಂದರು.

ನಾ ಕೇಳಿದ್ನೇನು ಎಂದರು ತಂಗಿ.

"ನೀ ಕೇಳ್ಲಿಲ್ಲ. ಬಿಡ್ತೀಯೇನಂತ ನಾನೂ ಕೇಳ್ಲಿಲ್ಲ. ಸಹಿ ಮಾಡು ಅಂದೆ, ಮಾಡಿದಿ. ಆ ಸಿಟ್ಟಿಗೇ ಬರೂದು ಬಿಟ್ಟಿ."

"ಸಿಟ್ಟಂತ ಯಾರು ಹೇಳಿದ್ರು ನಿನಗ?" ತಂಗಿಯ ದನಿ ಏರಲಿಲ್ಲ. "ಆ ವರ್ಷ ಪಂಚಮಿಗೆ ಚೀಲಾ ತುಂಬಿಕೊಂಡು ಈ ಕಟ್ಟಿ ಮ್ಯಾಲ ಕುಂತಿದ್ದೆ. ಕಡೀ ಬಸ್ಸು ಹೋಗೂತನಾ ಕುಂತಿದ್ದೆ. ನೀ ಬರ್ಲಿಲ್ಲ. ಪಾಲು ಬಿಟ್ಟ ಮ್ಯಾಲ ಕರಿಯೂದೂ ಬಿಟ್ರು ಅಂತ ತಿಳಕೊಂಡೆ. ಕರೀದ ಹೆಂಗ ಬರ್ಲಿ ನಾ?"

ವಕೀಲರು ಎರಡೂ ಕೈಯಿಂದ ಮುಖ ಸವರಿಕೊಂಡರು. "ಯಾವ ಮಾರಿ ತೊಗೊಂಡು ಬರ್ಬೇಕಿತ್ತು ತಂಗಿ?"

"ಇದ ಮಾರಿ ತೊಗೊಂಡು ಬರ್ಬೇಕಿತ್ತು."

ಆಮೇಲೆ ಸೆರಗು ಸರಿ ಮಾಡಿಕೊಂಡು ಇನ್ನೊಂದು ಮಾತು ಅಂದರು. ಪಂಚಮಿಗೆ ಹಾಲೆರೆಯುವಾಗ ನಮ್ಮ ಹೆಣ್ಣುಮಕ್ಕಳು ಅಪ್ಪನ ಪಾಲು, ಅವ್ವನ ಪಾಲು, ಅಣ್ಣನ ಪಾಲು ಎಂದು ಒಬ್ಬೊಬ್ಬರ ಹೆಸರಿನಲ್ಲಿ ಹಾಲು ಹಾಕುತ್ತಾರೆ. ಇಷ್ಟು ವರ್ಷದಲ್ಲಿ ಒಂದು ಸಲವೂ ಅಣ್ಣನ ಪಾಲು ಬಿಟ್ಟಿಲ್ಲ ಎಂದರು. ವಕೀಲರು ಅತ್ತರು. ಆ ವಯಸ್ಸಿನ ಗಂಡಸು ಮುಖ ಮುಚ್ಚಿಕೊಳ್ಳದೆ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ನನಗೂ ತಡೆಯಲಾಗಲಿಲ್ಲ. ಎದ್ದು ಹೊರಗೆ ಬಂದು ಮೊರದಲ್ಲಿದ್ದ ಶೇಂಗಾ ಸುಲಿಯುತ್ತ ಕೂತೆ.

ಒಳಗಿನ ಮಾತು ಕೇಳುತ್ತಲೇ ಇತ್ತು. ಪಾಲಿನ ಮಾತು ಮತ್ತೆ ಬಂದಾಗ, ಬೇಡ ಎಂದೇ ಅನ್ನುತ್ತಾರೆ, ಹೆಣ್ಣುಮಕ್ಕಳು ದೊಡ್ಡವರಾಗಿ ಕಾಣಲು ಅನ್ನುವುದೇ ಅದು ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಅವರು ಹಾಗೆ ಅನ್ನಲಿಲ್ಲ.

"ಬ್ಯಾಡ ಅನ್ನೂದಿಲ್ಲ ನಾ. ಅಪ್ಪನ ಮನಿ ನಂದೂ ಹೌದು. ಆದ್ರ ಮೊದಲ ಈ ಪಂಚಮಿಗೆ ಕರಿಯಾಕ ಬಾ. ಬಂದು ಆ ಮನ್ಯಾಗ ನಾಕ ದಿನಾ ಇರ್ತೀನಿ. ಆಮ್ಯಾಲ ಎಲ್ಲಿ ಸಹಿ ಮಾಡಂತಿ ಅಲ್ಲಿ ಮಾಡ್ತೀನಿ."

ಬರುತ್ತೇನೆ ಎಂದರು ಅಣ್ಣ. ಆ ಹೊತ್ತು ಚಹಾ ಬಂತು. ಸಹಿ ಆಗಿರಲಿಲ್ಲ, ಆದರೂ ಅವರು ಕುಡಿದರು. ತಟ್ಟೆಗೆ ಬಗ್ಗಿಸಿಕೊಂಡು, ಆರಿಸಿ, ಪೂರ್ತಿ ಕುಡಿದರು.

ಆ ಬೇಸಿಗೆಯಷ್ಟು ಹುರುಪಿನಲ್ಲಿ ಅವರನ್ನು ನಾನು ಕಂಡಿರಲಿಲ್ಲ. ಪೇಟೆಗೆ ಹೋಗಿ ಹೊಸ ಹಗ್ಗ ತಂದರಂತೆ. ಫೋನು ಮಾಡಿ, ತೊಲೆ ಗಟ್ಟಿ ಅಂತ ಬರದೀರಿ, ಜವಾಬ್ದಾರಿ ನಿಮ್ಮದ ನೋಡ್ರಿ ಎಂದು ಕಾಡಿದರು. ಬಕ್ಷೀಸ್ ಪತ್ರ ಬರೆದು ಇಟ್ಟಿದ್ದರು, ದಿನಾಂಕದ ಜಾಗ ಖಾಲಿ ಬಿಟ್ಟಿದ್ದರು. ಮಗ ಇನ್ನೂ ಮುಖ ಗಂಟು ಹಾಕಿಕೊಂಡೇ ಇದ್ದಾನೆ, ಆದರೆ ಎದುರಾಡುವುದಿಲ್ಲ ಎಂದರು. ಪಂಚಮಿ ಬರಲಿ, ಅಷ್ಟೇ ಎಂದರು.

ಆಷಾಢದ ಕೊನೆಗೆ ತೀರಿಕೊಂಡರು. ಬೆಳಿಗ್ಗೆ ಎದ್ದು ಮುಖ ತೊಳೆಯಲು ಹೋದವರು ಹಿತ್ತಲಲ್ಲೇ ಕೂತರಂತೆ, ಮಗ ಓಡಿಬರುವಷ್ಟರಲ್ಲಿ ಮುಗಿದಿತ್ತು.

ನಾನು ಹಾವೇರಿ ಮುಟ್ಟುವ ಹೊತ್ತಿಗೆ ಪಡಸಾಲೆಯಲ್ಲಿ ಅವರನ್ನು ಕೂರಿಸಿದ್ದರು, ಸವೆದ ತೊಲೆಯ ಕೆಳಗೇ. ಸ್ವಲ್ಪ ಹೊತ್ತಿಗೆ ಗುತ್ತಲದಿಂದ ತಂಗಿ ಬಂದರು. ಮಂದಿ ದಾರಿ ಬಿಟ್ಟರು. ಅವರು ಅಳುತ್ತ ಬರಲಿಲ್ಲ. ಹೊಸ್ತಿಲ ಹತ್ತಿರ ಒಂದು ಕ್ಷಣ ನಿಂತು, ದಾಟಿ ಬಂದು ಅಣ್ಣನ ಮುಂದೆ ಕೂತರು. ಅವರ ಕೈಯನ್ನು ತಮ್ಮ ಕೈಯಲ್ಲಿ ತೆಗೆದುಕೊಂಡರು.

"ಕರಿಯಾಕ ಬರ್ತೀನಿ ಅಂದಿದ್ದೆಲ್ಲೋ ಅಣ್ಣಾ. ನಾನ ಬಂದೇನಿ ನೋಡು."

ಅಲ್ಲಿದ್ದವರಿಗೆ ಅದು ಸಾವಿನ ಮನೆಯಲ್ಲಿ ಹೆಂಗಸರು ಆಡುವ ಮಾತಿನ ಹಾಗೆ ಕೇಳಿಸಿರಬೇಕು. ಅರ್ಥವಾದದ್ದು ನನಗೆ. ಮಗ ಗೋಡೆಗೆ ಒರಗಿ ನಿಂತಿದ್ದ, ಅವನು ತಲೆ ತಗ್ಗಿಸಿದ್ದು ನೋಡಿ ಅವನಿಗೂ ಆಗಿದೆ ಎಂದುಕೊಂಡೆ. ಮಣ್ಣು ಮುಗಿಸಿಕೊಂಡು ತಂಗಿ ಅದೇ ದಿನ ಸಂಜೆಯ ಬಸ್ಸಿಗೆ ಗುತ್ತಲಕ್ಕೆ ಹೋದರು. ಇರ್ರಿ ಎಂದು ಯಾರೂ ಅನ್ನಲಿಲ್ಲ. ನಾನು ಅನ್ನಬಹುದಿತ್ತೇನೋ, ಆದರೆ ಆ ಮನೆಯಲ್ಲಿ ಹಾಗನ್ನಲು ನಾನು ಯಾರು?

ಅಲ್ಲಿಗೆ ಎಲ್ಲ ಮುಗಿಯಿತು ಎಂದೇ ನಾನು ತಿಳಿದಿದ್ದೆ. ದಿನಾಂಕವಿಲ್ಲದ ಪತ್ರಕ್ಕೆ ಬೆಲೆಯಿಲ್ಲ. ಬರೆದವರು ಹೋದ ಮೇಲೆ ಅದು ಬರೀ ಹಾಳೆ. ಮನೆ ಮಗನ ಹೆಸರಿಗೆ ಆಗುತ್ತದೆ, ಹೊಸ ಉತಾರ ಬರುತ್ತದೆ, ಮುಂದೆ ಯಾರೋ ಹುಡುಕಿದರೆ ಹಕ್ಕು ಬಿಡುಗಡೆ ಪತ್ರ ಸಿಗುತ್ತದೆ, ಎಲ್ಲ ಚೊಕ್ಕ ಎಂದು ಬರೆಯುತ್ತಾರೆ.

ಪಂಚಮಿಗೆ ಎರಡು ದಿನ ಇರುವಾಗ ಮಗ ಫೋನು ಮಾಡಿದ. ದನಿಯಲ್ಲಿ ದಬಾಯಿಸುವವನ ಗತ್ತು ಇರಲಿಲ್ಲ. ಅಪ್ಪ ತಂದಿಟ್ಟ ಹಗ್ಗ ಅಟ್ಟದ ಮೇಲೆ ಸಿಕ್ಕಿತು ಎಂದ. ಈ ವರ್ಷ ನಮ್ಮಲ್ಲಿ ಹಬ್ಬ ಇಲ್ಲ, ಸೂತಕದ ವರ್ಷ, ಜೋಕಾಲಿ ಕಟ್ಟುವಂತಿಲ್ಲ, ಉಂಡಿ ಮಾಡುವಂತಿಲ್ಲ ಎಂದ. ಹೌದಪ್ಪಾ ಎಂದೆ. ಆದರೂ ಕರೆಯಬಹುದೇನ್ರಿ ಎಂದು ಕೇಳಿದ.

ಅವನೇ ಮುಂದುವರಿಸಿದ. ನನಗೆ ಅಕ್ಕತಂಗಿ ಇಲ್ಲ, ನಮ್ಮ ಮನೆಯಿಂದ ಯಾರೂ ಯಾರನ್ನೂ ಕರೆಯಲು ಹೋದದ್ದು ನಾನು ನೋಡಿಲ್ಲ, ಹೋಗುವಾಗ ಏನು ಒಯ್ಯಬೇಕು, ಏನು ಅನ್ನಬೇಕು, ಒಂದೂ ಗೊತ್ತಿಲ್ಲ, ನಿಮ್ಮನ್ನಾದರೆ ನಿಮ್ಮ ತಮ್ಮ ಕರೆಯಲು ಬರುತ್ತಾನಂತ ಅಪ್ಪ ಹೇಳುತ್ತಿದ್ದರು ಎಂದ.

"ಏನೂ ಒಯ್ಯಬ್ಯಾಡ," ಅಂದೆ. "ಬಾಗಲದಾಗ ನಿಂತು, ಅತ್ತೀ, ಕರಿಯಾಕ ಬಂದೇನಿ ಅನ್ನು. ಅಷ್ಟ."

ಆ ಮನೆಯ ಉತಾರದಲ್ಲಿ ಈಗ ಎರಡು ಹೆಸರಿವೆ. ಅತ್ತೆಯದೂ ಸೋದರಳಿಯನದೂ. ಅದು ದೀಪಾವಳಿಯ ನಂತರದ ಮಾತು. ಅದಕ್ಕೆ ಅವನು ಮಾಡಿದ ಓಡಾಟದ ಬಗ್ಗೆ ನಾನು ಕೇಳಲಿಲ್ಲ, ಅವನೂ ಹೆಚ್ಚು ಹೇಳಲಿಲ್ಲ. ಅವನ ಬಗ್ಗೆ ನಾನು ಅಂದುಕೊಂಡದ್ದೆಲ್ಲ ಅರ್ಧಂಬರ್ಧ ಎಂದು ಮಾತ್ರ ತಿಳಿಯಿತು.

ಹೋದ ವರ್ಷದ ಪಂಚಮಿಯ ದಿನ ನಾನು ಕುಪ್ಪೇಲೂರಿನಲ್ಲಿದ್ದೆ. ಹಾಲೆರೆದು ಬಂದು, ಮಕ್ಕಳು ಬೇವಿನ ಮರಕ್ಕೆ ಕಟ್ಟಿದ ಜೋಕಾಲಿ ನೋಡುತ್ತ ಕೂತಿದ್ದಾಗ ಅವನ ಫೋನು ಬಂತು. ಮನೆಗೆ ಕರೆದುಕೊಂಡು ಬಂದೆ, ಒಳಗೆ ಮಲಗಿದ್ದಾರೆ ಎಂದ. ಏನಂದ್ರು, ಕರೆದ ಕೂಡಲೇ ಹೊರಟ್ರಾ ಎಂದು ಕೇಳಿದೆ.

"ನಾ ಬರ್ತೀನಂತ ಹೇಳೇ ಇರ್ಲಿಲ್ರಿ. ಫೋನೂ ಮಾಡಿರ್ಲಿಲ್ಲ. ಹೋಗಿ ನೋಡ್ತೇನಿ, ಚೀಲಾ ತುಂಬಿಕೊಂಡು ಕಟ್ಟಿ ಮ್ಯಾಲ ಕುಂತಿದ್ರು."